ಗುಡ್ಡಕ್ಕೆ ಹೊರಟವರಿಗೆ ಯಾವ ಮ್ಯಾಪ್: ಆರ್ಗ್ಯಾನಿಕ್ ಮ್ಯಾಪ್ಸೋ, ಓಸ್ಮ್‌ಆ್ಯಂಡೋ?

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಶಿಲಾಸಮಾಧಿ ನೋಡಲು ಹೋಗುವವರು ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ. ಬಂಡೆಗಳ ನಡುವೆ ನೆಟ್‌ವರ್ಕ್ ನಂಬಿ ಹೋಗಬಾರದು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಎರಡೂ ಓಪನ್ ಸೋರ್ಸ್ ಆ್ಯಪ್, ಅಂದರೆ ಅವುಗಳ ಕೋಡ್ ಯಾರು ಬೇಕಾದರೂ ನೋಡಬಹುದು. ಎರಡಕ್ಕೂ ಜನರೇ ಸೇರಿ ಕಟ್ಟಿದ ಮುಕ್ತ ಭೂಪಟ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯೇ ಮೂಲ. ಖಾತೆ ತೆರೆಯಬೇಕಿಲ್ಲ. ಮ್ಯಾಪ್ ಇಳಿಸಿಕೊಂಡ ಮೇಲೆ ಜಿಪಿಎಸ್ ಒಂದಿದ್ದರೆ ಸಾಕು.

2021ರಲ್ಲಿ ಬಂದ ಆರ್ಗ್ಯಾನಿಕ್ ಮ್ಯಾಪ್ಸ್ ಹಗುರ. ಜಾಹೀರಾತಿಲ್ಲ, ನೀವು ಎಲ್ಲೆಲ್ಲಿ ತಿರುಗಿದಿರಿ ಎಂಬ ಲೆಕ್ಕ ಇಡುವುದಿಲ್ಲ. ಮನೆಯ ಹಿರಿಯರ ಫೋನಿಗೆ ಕಣ್ಣು ಮುಚ್ಚಿ ಇದನ್ನೇ ಹಾಕಿಕೊಡಿ.

ಓಸ್ಮ್‌ಆ್ಯಂಡ್‌ನಲ್ಲಿ ಮೆನುವಿನೊಳಗೆ ಮೆನು. ಮೊದಲು ತಲೆ ಕೆಡುತ್ತದೆ. ಆದರೆ ಹೊಲದ ಬದು, ಕಾಲುದಾರಿ ಸುತ್ತುವವರಿಗೆ ಇದರಷ್ಟು ಕೈಹಿಡಿಯುವುದು ಬೇರೆ ಇಲ್ಲ. ಕಾರಿಗೊಂದು, ಸೈಕಲ್ಲಿಗೊಂದು, ನಡಿಗೆಗೊಂದು ಎಂದು ಬೇರೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳಬಹುದು. ನಡೆದ ದಾರಿಯನ್ನು ಜಿಪಿಎಕ್ಸ್ ಫೈಲಾಗಿ (ದಾರಿಯ ಗುರುತು ಉಳಿಸುವ ಫೈಲ್) ಉಳಿಸಿ ಗೆಳೆಯರಿಗೆ ಕಳಿಸಬಹುದು. ಒಂದು ಎಚ್ಚರಿಕೆ: ಪ್ಲೇ ಸ್ಟೋರ್‌ನ ಉಚಿತ ಆವೃತ್ತಿಯಲ್ಲಿ ಮ್ಯಾಪ್ ಡೌನ್‌ಲೋಡ್‌ಗೆ ಮಿತಿಯಿದೆ, ಅಪ್‌ಡೇಟ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಓಪನ್ ಸೋರ್ಸ್ ಆ್ಯಪ್‌ಗಳ ಸ್ಟೋರ್ ಆದ ಎಫ್-ಡ್ರಾಯ್ಡ್‌ನಿಂದ ಹಾಕಿಕೊಂಡರೆ ಆ ಮಿತಿ ಇಲ್ಲ.

ಹೊಸ ಅಂಗಡಿ, ಒಳಓಣಿ ಎರಡರಲ್ಲೂ ಸಿಗದೆ ಹೋಗಬಹುದು. ಆಗ ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ತೆರೆದು ನಿಮ್ಮೂರಿನ ದವಾಖಾನೆ, ಬಸ್ ನಿಲ್ದಾಣವನ್ನು ನೀವೇ ಸೇರಿಸಿ.