ಸ್ವಿಫ್ಟ್ ಸ್ಪೋರ್ಟ್ ನಿಜವಾಗ್ಲೂ ಎಷ್ಟು ಮೈಲೇಜ್ ಕೊಡತ್ತೆ? 18 ಸಾವಿರ ಕಿಮೀ ಲೆಕ್ಕ ಬರೆದಿಟ್ಟಿದೀನಿ

ಈ ಗಾಡಿ ತಗೊಂಡಾಗಿಂದ ಜನ ನನ್ನ ಕೇಳೋದು ಎರಡೇ ಪ್ರಶ್ನೆ, ಎಷ್ಟು ಸ್ಪೀಡ್ ಹೋಗತ್ತೆ, ಎಷ್ಟು ಮೈಲೇಜ್ ಕೊಡತ್ತೆ. ಮೊದಲನೇದಕ್ಕೆ ಒಂದು ರೌಂಡ್ ಪಕ್ಕದಲ್ಲಿ ಕೂರಿಸ್ಕೊಂಡು ಹೋದ್ರೆ ಮುಗೀತು. ಎರಡನೇದಕ್ಕೆ ಬಾಯಿಗೆ ಬಂದ ನಂಬರ್ ಹೇಳೋಕೆ ನಂಗೆ ಮನಸ್ಸು ಬರಲ್ಲ, ಅದಕ್ಕೇ ಮೊದಲ್ನೇ ದಿನದಿಂದ್ಲೇ ಡೋರ್ ಪಾಕೆಟ್ಟಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದೀನಿ, ಪೆಟ್ರೋಲ್ ಹಾಕಿಸಿದ ತಕ್ಷಣ ಅಲ್ಲೇ ನಿಂತು ಕಿಮೀ, ಲೀಟರ್ ಎರಡೂ ಬರೀತೀನಿ, ಪಕ್ಕದಲ್ಲಿ ಆ ಟ್ಯಾಂಕ್ ಹೇಗೆ ಓಡ್ತು ಅಂತ ಎರಡು ಪದ. ಇವತ್ತಿಗೆ 44 ಎಂಟ್ರಿ ಆಗಿದೆ, ಒಟ್ಟು 18,412 ಕಿಮೀ, 1,262 ಲೀಟರ್ ಪೆಟ್ರೋಲ್. ಭಾಗಿಸಿದ್ರೆ ಲೀಟರಿಗೆ 14.6. ಇದು ನನ್ನ ಗಾಡಿ, ನನ್ನ ಕಾಲು, ನನ್ನ ರಸ್ತೆಗಳ ನಂಬರ್.

ಗಾಡಿ ಬಗ್ಗೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇದು ಸುಜುಕಿ 2017ರಲ್ಲಿ ತಂದ ಮಾಡೆಲ್, 1.4 ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಪೆಟ್ರೋಲ್ ಇಂಜಿನ್ (ಟರ್ಬೊ ಅಂದ್ರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ ಒಳಗೆ ಜಾಸ್ತಿ ಗಾಳಿ ತುಂಬಿಸೋ ಪಂಪು), 140 ಪಿಎಸ್ ಪವರ್, 230 ನ್ಯೂಟನ್ ಮೀಟರ್ ಟಾರ್ಕ್ 2,500 ಆರ್‌ಪಿಎಂಗೇ ಸಿಕ್ಕಿಬಿಡತ್ತೆ, ಆರು ಗೇರಿನ ಮ್ಯಾನುಯಲ್. ಎಲ್ಲಕ್ಕಿಂತ ದೊಡ್ಡ ವಿಷಯ ತೂಕ, 975 ಕೆಜಿ ಆಸುಪಾಸು, ಅಂದ್ರೆ ಒಂದು ಟನ್ನೂ ಇಲ್ಲ. ಈಗಿನ ಕಾಲದಲ್ಲಿ ಇಷ್ಟು ಹಗುರ ಇರೋ ಟರ್ಬೊ ಹ್ಯಾಚ್ ಹುಡುಕಿದ್ರೂ ಸಿಗೋದು ಕಷ್ಟ. ಇದರ ಮೈಲೇಜ್ ಕಥೆ ಅರ್ಧ ಇರೋದು ಆ ತೂಕದಲ್ಲೇ.

ಕಂಪನಿ ಹೇಳೋ ನಂಬರ್ ಏನು ಅಂದ್ರೆ, ಯುರೋಪಿನ ಹಳೇ ಎನ್‌ಇಡಿಸಿ ಟೆಸ್ಟಲ್ಲಿ 100 ಕಿಮೀಗೆ 5.6 ಲೀಟರ್, ಅಂದ್ರೆ ಲೀಟರಿಗೆ ಹತ್ತಿರ ಹತ್ತಿರ 18. ಜಪಾನಿನ ಜೆಸಿ08 ಟೆಸ್ಟಲ್ಲಿ ಇದೇ ಮ್ಯಾನುಯಲ್ ಗಾಡಿಗೆ 16.4. ಒಂದೇ ಗಾಡಿ, ಒಂದೇ ಇಂಜಿನ್, ಎರಡು ನಂಬರ್. ಇದರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಟೆಸ್ಟ್ ಬೇರೆ ಬೇರೆ ಅಷ್ಟೇ. ಎನ್‌ಇಡಿಸಿ ಅನ್ನೋದು ರೋಲರ್ ಮೇಲೆ 20 ನಿಮಿಷ, 11 ಕಿಮೀ ಓಡಿಸೋ ಟೆಸ್ಟ್, ಸರಾಸರಿ ಸ್ಪೀಡ್ 34 ಕಿಮೀ ಅಷ್ಟೇ, ಪಿಕಪ್ ತಗೊಳೋದಂತೂ ಎತ್ತಿನಗಾಡಿ ಥರ. 2017ರಿಂದ ಅದರ ಜಾಗಕ್ಕೆ ಡಬ್ಲ್ಯುಎಲ್‌ಟಿಪಿ ಬಂತು, ಅದು 30 ನಿಮಿಷ, 23 ಕಿಮೀ, ಗಂಟೆಗೆ 131 ಕಿಮೀ ತನಕ ಹೋಗತ್ತೆ, ನಿಜ ಜೀವನಕ್ಕೆ ಎಷ್ಟೋ ಹತ್ತಿರ. ಹಾಗಾಗಿ ಸೆಕೆಂಡ್ ಹ್ಯಾಂಡ್ ತಗೊಳೋರು ಯಾವ ಟೆಸ್ಟಿನ ನಂಬರ್ ಓದ್ತಿದೀವಿ ಅಂತ ಮೊದಲು ನೋಡ್ಕೊಳ್ಳಿ, ಇಲ್ಲಾಂದ್ರೆ ಸುಮ್ನೆ ಬೇಜಾರಾಗ್ತೀರ.

ಲೆಕ್ಕ ಹಾಕೋ ವಿಧಾನ ಮುಖ್ಯ, ಅದಕ್ಕೇ ಹೇಳ್ತೀನಿ. ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್, ನಾಝಲ್ ಮೊದಲ್ನೇ ಸಲ ಟಕ್ ಅಂತ ಕಟ್ ಆದಾಗ ನಿಲ್ಲಿಸ್ಬೇಕು, ಆಮೇಲೆ ರೌಂಡ್ ಫಿಗರ್‌ಗೆ ಅಂತ ಒಂದೊಂದೇ ತೊಟ್ಟು ತುಂಬಿಸೋಕೆ ಬಿಡ್ಬೇಡಿ, ಟ್ಯಾಂಕೇ 37 ಲೀಟರ್ ಇರೋದು, ಒಂದು ಲೀಟರ್ ಆಚೆ ಈಚೆ ಆದ್ರೂ ಲೆಕ್ಕ ಕೆಟ್ಟೋಗತ್ತೆ. ಒಂದೇ ಟ್ಯಾಂಕ್ ನೋಡಿ ತೀರ್ಮಾನ ಮಾಡ್ಬೇಡಿ, ನಾಲ್ಕೈದು ಟ್ಯಾಂಕ್ ಸೇರಿಸಿ ನೋಡಿ. ಡಿಸ್‌ಪ್ಲೇಲಿ ಬರೋ ಆವರೇಜನ್ನೂ ಪಕ್ಕದಲ್ಲಿ ಬರ್ಕೊಳ್ಳಿ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ. ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಎಷ್ಟು ಹೊತ್ತು ತೆರ್ಕೊಂಡಿತ್ತು ಅನ್ನೋದನ್ನ ಕೂಡಿಸಿ ಅಂದಾಜು ಮಾಡೋ ನಂಬರ್ ಅದು, ನಾನು ಇಲ್ಲಿ ತನಕ ಇಟ್ಕೊಂಡಿದ್ದ ಎಲ್ಲಾ ಗಾಡಿಲೂ ಪಂಪಿನ ಲೆಕ್ಕಕ್ಕಿಂತ ಒಂಚೂರು ಜಾಸ್ತೀನೇ ತೋರಿಸಿದೆ. ನಂದು 17ನೇ ಎಂಟ್ರಿ ನೋಡಿ, 412 ಕಿಮೀ, 28.1 ಲೀಟರ್, 14.7 ಆಗತ್ತೆ, ಡಿಸ್‌ಪ್ಲೇಲಿ 15.3 ಇತ್ತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 14.6 ಅನ್ನೋದು ಆವರೇಜ್, ಆದ್ರೆ ನೋಟ್‌ಬುಕ್ಕಲ್ಲಿ 10.8 ಇದೆ, 18.3ನೂ ಇದೆ. ಇಷ್ಟು ದೊಡ್ಡ ಅಂತರ ನಾನು ಹಿಂದೆ ಓಡಿಸ್ತಿದ್ದ ಸಾಧಾರಣ 1.2 ಲೀಟರ್ ಗಾಡೀಲಿ ಯಾವತ್ತೂ ಇರಲಿಲ್ಲ. ಆ 10.8 ಯಾವಾಗ ಬಂತು ಅಂತ ಕೇಳಿದ್ರೆ ಎಲ್ಲರೂ ಹೇಳೋದು, ಬೆಟ್ಟದ ರಸ್ತೇಲಿ ಚೆನ್ನಾಗಿ ಒತ್ತಿರ್ತೀಯ ಬಿಡು ಅಂತ. ಅಲ್ಲ. ಬೆಟ್ಟದ ರಸ್ತೇಲಿ ಇಡೀ ದಿನ ಎರಡು ಮೂರನೇ ಗೇರಲ್ಲೇ ಓಡಿಸಿ ಸಾಯಂಕಾಲ ತುಂಬಿಸಿದಾಗ ಬಂದಿದ್ದು 11.9. ಆ 10.8 ಬಂದಿದ್ದು ಅಮ್ಮನ್ನ ದಿನಾ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ತಿದ್ದ ತಿಂಗಳಲ್ಲಿ. ಮನೆಯಿಂದ ಎರಡೂವರೆ ಕಿಮೀ, ಅಲ್ಲಿ ಒಂದು ಗಂಟೆ ನಿಲ್ಲಿಸೋದು, ವಾಪಸ್ ಎರಡೂವರೆ ಕಿಮೀ, ಅಮ್ಮನ ಮಂಡಿಗೆ ನೋವಾಗ್ಬಾರ್ದು ಅಂತ ಹಂಪಲ್ಲಿ ಇಳಿಸಿ ಹತ್ತಿಸಿ ಅಷ್ಟು ಮೆಲ್ಲಗೆ ಓಡಿಸಿದ್ದು ನಾನು ಜನ್ಮದಲ್ಲಿ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಇಂಜಿನ್ ಜೋರಾಗಿ ಕೂಗೋದು, ಅಮ್ಮ ದಿನಾ ಕೇಳೋರು, "ಯಾಕೋ ಹೀಗೆ ಒದರ್ತಿದೆ, ಏನೋ ಕೆಟ್ಟಿದೆ ನೋಡು" ಅಂತ. ಏನೂ ಕೆಟ್ಟಿರಲಿಲ್ಲ. ತಣ್ಣಗಿರೋ ಇಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಹಾಗಾಗಿ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡತ್ತೆ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿ ಆಗ್ಲಿ ಅಂತ ಐಡಲ್ ಏರಿಸತ್ತೆ, ಆಯಿಲ್ ಗಟ್ಟಿ ಇರತ್ತೆ. ಇಂಜಿನ್ ಪೂರ್ತಿ ಬಿಸಿ ಆಗೋಕೆ ಮೊದಲೇ ನಾವು ಹೋಗ್ಬೇಕಾದ ಜಾಗ ಬಂದ್ಬಿಡ್ತಿತ್ತು. ಆ ಟ್ಯಾಂಕಲ್ಲಿ 298 ಕಿಮೀಗೆ 27.6 ಲೀಟರ್ ಹೋಯ್ತು, ಬರೆಯೋವಾಗ ತಪ್ಪಿರಬೇಕು ಅಂತ ಬಿಲ್ ಮತ್ತೆ ತೆಗೆದು ನೋಡಿದೆ.

ಇಲ್ಲಿಂದ ನಂಗೆ ಮೈಲೇಜ್ ಅನ್ನೋದು ಬೇರೆ ಥರ ಅರ್ಥ ಆಗೋಕೆ ಶುರುವಾಯ್ತು. ಪರ್ಫಾರ್ಮೆನ್ಸ್ ಗಾಡಿ ಕೊಂಡೋರೆಲ್ಲ ಆಕ್ಸಿಲರೇಟರ್ ಒತ್ತೋದ್ರಿಂದ್ಲೇ ಪೆಟ್ರೋಲ್ ಹೋಗತ್ತೆ ಅಂತ ಅಂದ್ಕೊಂಡಿರ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಊರೊಳಗೆ ಬಿಸಿ ಆದ ಇಂಜಿನ್ನಲ್ಲೂ ತುಂಬಾ ಪೆಟ್ರೋಲ್ ಹೋಗೋದು ಬ್ರೇಕಲ್ಲಿ. ಒಂದು ಲೆಕ್ಕ ಹಾಕಿ ನೋಡಿ, ಡ್ರೈವರ್ ಸೇರಿ 1,050 ಕೆಜಿ ಗಾಡಿ ಗಂಟೆಗೆ 60 ಕಿಮೀಲಿ ಇದ್ರೆ ಅದರ ಚಲನ ಶಕ್ತಿ 146 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 32 ಮೆಗಾಜೂಲ್ ಇದೆ, ಅದರಲ್ಲಿ ಚಕ್ರಕ್ಕೆ ತಲುಪೋದು ಕಾಲು ಭಾಗ ಅಂತ ಇಟ್ಕೊಳ್ಳಿ, ಆಗ ಸೊನ್ನೆಯಿಂದ 60ಕ್ಕೆ ಒಂದು ಸಲ ಹೋಗೋಕೆ 18 ಎಂಎಲ್ ಬೇಕು. ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಮುಂದೆ ಕೆಂಪು ಸಿಗ್ನಲ್ ಕಾಣ್ತಾ ಇದ್ರೂ ಅಲ್ಲಿ ತನಕ ನುಗ್ಗಿ ಬ್ರೇಕ್ ಒತ್ತಿದ್ರೆ ಆ ಚಮಚ ಬ್ರೇಕ್ ಡಿಸ್ಕ್ ಬಿಸಿ ಮಾಡೋಕೆ ಹೋಯ್ತು ಅಂತ ಲೆಕ್ಕ. ನೂರು ಸಲ ಹಾಗೆ ಮಾಡಿದ್ರೆ 1.8 ಲೀಟರ್. ಅಷ್ಟರಲ್ಲಿ ಈ ಗಾಡಿ 26 ಕಿಮೀ ಹೋಗತ್ತೆ.

ಪಿಕಪ್ ತಗೊಳೋದ್ರ ವಿಷಯ ಇನ್ನೂ ಇಂಟ್ರೆಸ್ಟಿಂಗ್. ಈ ಟರ್ಬೊ ಇಂಜಿನ್ ಅತೀ ಚೆನ್ನಾಗಿ ಕೆಲಸ ಮಾಡೋದು ಕಮ್ಮಿ ಆರ್‌ಪಿಎಂ, ಜಾಸ್ತಿ ಲೋಡ್ ಇರೋವಾಗ, ಅಂದ್ರೆ 2,000ದಿಂದ 2,500ರ ಹತ್ರ ಆಕ್ಸಿಲರೇಟರ್ ಮುಕ್ಕಾಲು ಒತ್ತಿ ಬೇಗ ಬೇಗ ಗೇರ್ ಮೇಲೆ ಹಾಕೋವಾಗ. ಡಿಸ್‌ಪ್ಲೇಲಿ ಟರ್ಬೊ ಎಷ್ಟು ಗಾಳಿ ಒತ್ತುತ್ತಿದೆ ಅಂತ ತೋರಿಸೋ ಬೂಸ್ಟ್ ಗೇಜ್ ಇದೆ ಇದಕ್ಕೆ, ಮುಳ್ಳು ಮೇಲೆದ್ದ ತಕ್ಷಣ ಅಯ್ಯೋ ಪೆಟ್ರೋಲ್ ಹೋಯ್ತು ಅಂತ ನಾನು ಮೊದಮೊದಲು ಕಾಲು ತೆಗೀತಿದ್ದೆ, ಈಗ ಹಾಗೆ ಮಾಡಲ್ಲ. 60ಕ್ಕೆ ಚುರುಕಾಗಿ ಹೋಗಿ ಐದನೇ ಗೇರಿಗೆ ಹಾಕಿ ಆರಾಮಾಗಿ ಕೂತ್ಕೊಂಡ್ರೆ, ಎರಡನೇ ಗೇರಲ್ಲಿ ಮೊಟ್ಟೆ ಮೇಲೆ ನಡೆದ ಹಾಗೆ ಎಳ್ಕೊಂಡು ಹೋಗೋದಕ್ಕಿಂತ ವಾಸಿ. ಕೆಟ್ಟದ್ದು ಯಾವುದು ಅಂದ್ರೆ ಫುಲ್ ಒತ್ತಿ 5,500 ತನಕ ಎಳೆಯೋದು. ಅಲ್ಲಿ ಎಕ್ಸಾಸ್ಟ್ ಗ್ಯಾಸ್ ತುಂಬಾ ಬಿಸಿ ಆಗತ್ತೆ, ಟರ್ಬೊ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಸುಡಬಾರ್ದು ಅಂತ ಇಂಜಿನ್ ಮಿಕ್ಸ್ಚರ್ ರಿಚ್ ಮಾಡತ್ತೆ, ಅಂದ್ರೆ ಗಾಳಿಗೆ ಬೆರೆಸೋ ಪೆಟ್ರೋಲ್ ಜಾಸ್ತಿ ಮಾಡತ್ತೆ, ಹೆಚ್ಚುವರಿ ಪೆಟ್ರೋಲ್ ಬರೀ ತಂಪು ಮಾಡೋಕೆ ಹೋಗತ್ತೆ. 140 ಪಿಎಸ್ ಪೂರ್ತಿ ಬಳಸ್ತಾ ಇದ್ರೆ ನನ್ನ ಲೆಕ್ಕದಲ್ಲಿ ಗಂಟೆಗೆ 40 ಲೀಟರ್ ಆಸುಪಾಸು ಹೋಗ್ಬೇಕು, ಅಂದ್ರೆ ಟ್ಯಾಂಕ್ ಒಂದು ಗಂಟೆನೂ ಬರಲ್ಲ. ಆದ್ರೆ ರಸ್ತೇಲಿ ಹಾಗೆ ಒತ್ತೋಕೆ ಸಿಗೋದು ಒಂದು ಸಲಕ್ಕೆ ನಾಲ್ಕೈದು ಸೆಕೆಂಡು. ಐದು ಸೆಕೆಂಡಿಗೆ 55 ಎಂಎಲ್. ಖುಷಿಗೆ ಅಷ್ಟು ಕೊಡೋಕೆ ನಂಗೇನೂ ಬೇಜಾರಿಲ್ಲ.

ಇನ್ನೊಂದು ವಿಷಯ, ಇದೇ ಇಂಜಿನ್ ಸುಜುಕಿ ವಿಟಾರಾದಲ್ಲೂ ಇದೆ, ಆದ್ರೆ ಸ್ಪೋರ್ಟಲ್ಲಿ ಟರ್ಬೊದ ವೇಸ್ಟ್‌ಗೇಟ್ (ಎಕ್ಸಾಸ್ಟ್ ಗ್ಯಾಸನ್ನ ಟರ್ಬೊಗೆ ಕಳಿಸದೆ ಪಕ್ಕದಿಂದ ಆಚೆ ಬಿಡೋ ಸಣ್ಣ ಬಾಗಿಲು) ಸಾಮಾನ್ಯವಾಗಿ ಮುಚ್ಚಿರೋ ಹಾಗೆ ಸೆಟ್ ಮಾಡಿದಾರೆ. ಹಾಗೆ ಮಾಡಿದ್ರೆ ಕಾಲಿಟ್ಟ ತಕ್ಷಣ ಬೂಸ್ಟ್ ಬರತ್ತೆ, ಆದ್ರೆ ಸುಮ್ನೆ ಹೋಗ್ತಿರೋವಾಗ್ಲೂ ಎಕ್ಸಾಸ್ಟ್‌ಗೆ ಒಂಚೂರು ತಡೆ ಇದ್ದೇ ಇರತ್ತೆ. ಮೈಲೇಜ್ ಸ್ವಲ್ಪ ಬಿಟ್ಕೊಟ್ಟು ರೆಸ್ಪಾನ್ಸ್ ತಗೊಂಡಿದಾರೆ, ಈ ಹೆಸರಿನ ಗಾಡಿಗೆ ಅದು ಸರಿಯಾದ ನಿರ್ಧಾರ ಅಂತ್ಲೇ ನನ್ನ ಅಭಿಪ್ರಾಯ.

ಹೈವೇ ವಿಷಯಕ್ಕೆ ಬಂದ್ರೆ, ಸ್ಪೀಡ್ ಒಂದೇ ಲೆಕ್ಕಕ್ಕೆ ಬರೋದು. ಗಾಳಿ ತಳ್ಳೋ ಬಲ ಸ್ಪೀಡಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರತ್ತೆ, 90ರಿಂದ 120ಕ್ಕೆ ಹೋದ್ರೆ 1.78 ಪಟ್ಟು. ಅಗಲ ಟೈರು, ಎತ್ತರ ಇರೋ ಹ್ಯಾಚ್‌ಬ್ಯಾಕ್ ಆಕಾರ, ಗಾಳಿಗೆ ಇದು ತೂಕದಷ್ಟು ಹಗುರ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಲ್ಲಿ 42 ಕಿಮೀ ಒಂದೇ ರಸ್ತೆ, ಹೋಗೋವಾಗ ಬರೋವಾಗ ಎರಡೂ ಕಡೆ, ಕ್ರೂಸ್ ಕಂಟ್ರೋಲ್ ಹಾಕಿ ನೋಡಿದೆ. 90ರಲ್ಲಿ ಡಿಸ್‌ಪ್ಲೇ 20.1 ಅಂತು, 120ರಲ್ಲಿ 14.8. ಡಿಸ್‌ಪ್ಲೇ ಸ್ವಲ್ಪ ಹೊಗಳತ್ತೆ ಅಂದ್ಕೊಂಡ್ರೂ ಅಂತರ ಅಂತರಾನೇ. ಆ 18.3 ಬಂದ ಟ್ಯಾಂಕ್ ಪೂರ್ತಿ 80ರಿಂದ 95ರ ಒಳಗೆ ಓಡಿಸಿದ್ದು, ಹಿಂದೆ ಮಲಗಿದ್ದ ಮಗು ಏಳಬಾರ್ದು ಅಂತ, ಮೈಲೇಜಿಗೋಸ್ಕರ ಅಲ್ಲ.

ಇಳಿಜಾರಲ್ಲಿ ನ್ಯೂಟ್ರಲ್ ಹಾಕೋ ಅಭ್ಯಾಸ ಇರೋರು ದಯವಿಟ್ಟು ಬಿಡಿ. ಗೇರಲ್ಲಿದ್ದು ಕಾಲು ತೆಗೆದ್ರೆ ಇಂಜೆಕ್ಟರ್ ಪೂರ್ತಿ ಬಂದ್ ಆಗತ್ತೆ, ಚಕ್ರಾನೇ ಇಂಜಿನ್ ತಿರುಗಿಸ್ತಾ ಇರತ್ತೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಹಾಕಿದ್ರೆ ಐಡಲ್ ಆಗೋಕೆ ಪೆಟ್ರೋಲ್ ಬೇಕು, ಮೇಲಾಗಿ ಬೆಟ್ಟದಲ್ಲಿ ಇಂಜಿನ್ ಬ್ರೇಕಿಂಗ್ ಇಲ್ಲದೆ ಬ್ರೇಕ್ ಒಂದನ್ನೇ ನಂಬ್ಕೊಂಡು ಇಳಿಯೋದು ಜೀವಕ್ಕೇ ಅಪಾಯ.

ಟೈರ್ ಬಗ್ಗೆ ನಂಗೆ ಒಂದು ಪಾಠ ಆಯ್ತು. ಒಂದು ಸರ್ವೀಸ್ ಆದ್ಮೇಲೆ ಸತತ ಎರಡು ಟ್ಯಾಂಕ್ 13.2, 13.4 ಬಂತು, ರಸ್ತೆ ಅದೇ, ಕಾಲು ಅದೇ. ಪ್ಲಗ್ ಇರ್ಬೇಕು, ಸೆನ್ಸರ್ ಇರ್ಬೇಕು ಅಂತ ತಲೆ ಕೆಡಿಸ್ಕೊಂಡೆ. ಕೊನೆಗೆ ನನ್ನದೇ ಗೇಜ್ ಹಿಡಿದು ನೋಡಿದ್ರೆ ನಾಲ್ಕೂ ಟೈರಲ್ಲಿ ಡೋರ್ ಪಕ್ಕದ ಸ್ಟಿಕರ್ ಹೇಳೋದಕ್ಕಿಂತ 7 ಪಿಎಸ್‌ಐ ಕಮ್ಮಿ, ಸರ್ವೀಸ್ ಮಾಡಿದೋರು ಎಲ್ಲಾ ಗಾಡಿಗೂ ಹಿಡಿಯೋ ಒಂದೇ ಲೆಕ್ಕ ಹಿಡಿದು ಗಾಳಿ ಬಿಟ್ಟಿದಾರೆ ಅಂತ ಕಾಣತ್ತೆ. ಇದಕ್ಕೆ ಬರೋದು 195/45 ಆರ್17, ಸೈಡ್‌ವಾಲ್ ತೆಳು, ಗಾಳಿ ಕಮ್ಮಿ ಇದ್ರೂ ಕಣ್ಣಿಗೆ ಗೊತ್ತೇ ಆಗಲ್ಲ. ಸರಿ ಮಾಡಿದ್ಮೇಲೆ ಮುಂದಿನ ಟ್ಯಾಂಕ್ 14.5. ಮೈಲೇಜಿಗಿಂತ ನಂಗೆ ಸಿಟ್ಟು ಬಂದಿದ್ದು ಆ ಎರಡು ಟ್ಯಾಂಕ್ ಪೂರ್ತಿ ಅದೇ ಟೈರಲ್ಲಿ ಮನೆಯೋರನ್ನ ಕೂರಿಸ್ಕೊಂಡು 100ರಲ್ಲಿ ಹೋಗಿದೀನಲ್ಲ ಅಂತ.

ಪೆಟ್ರೋಲ್: 95 ಆಕ್ಟೇನ್ ಹಾಕಿ. 98 ನಾಲ್ಕು ಟ್ಯಾಂಕ್ ಹಾಕಿ ನೋಡಿದೆ, ನೋಟ್‌ಬುಕ್ಕಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಕಮ್ಮಿ ಆಕ್ಟೇನ್ ಹಾಕಿದ್ರೆ ನಾಕ್ ಆಗದ ಹಾಗೆ, ಅಂದ್ರೆ ಪೆಟ್ರೋಲ್ ತಾನಾಗೇ ಹೊತ್ಕೊಂಡು ಇಂಜಿನ್ ಕುಟ್ಟದ ಹಾಗೆ, ಇಂಜಿನ್ ಕಿಡಿ ಹಾರಿಸೋದನ್ನ ತಡ ಮಾಡತ್ತೆ, ಪವರೂ ಹೋಗತ್ತೆ ಮೈಲೇಜೂ ಹೋಗತ್ತೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ, ಎಥನಾಲಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ 10% ಬೆರೆಸಿದ್ರೆ ಸುಮಾರು 3% ಮೈಲೇಜ್ ಬೀಳೋದು ಸಹಜ, ಅದು ಗಾಡಿ ದೋಷ ಅಲ್ಲ.

ತಗೊಳೋ ಯೋಚನೆ ಇರೋರಿಗೆ: ದಿನಾ 15, 20 ಕಿಮೀ ಒಂದೇ ಓಟ ಇದ್ರೆ, ಮುಂದೆ ನೋಡ್ಕೊಂಡು ಓಡಿಸೋ ಅಭ್ಯಾಸ ಇದ್ರೆ 14ರಿಂದ 16 ಧೈರ್ಯವಾಗಿ ಲೆಕ್ಕ ಹಾಕ್ಕೊಳ್ಳಿ, ವಾರಕ್ಕೊಂದು ದಿನ ಮನಸಾರೆ ಒತ್ತಿದ್ರೂ ಆ ನಂಬರ್ ಜಾಸ್ತಿ ಅಲ್ಲಾಡಲ್ಲ. ದಿನಾ ಎರಡು ಮೂರು ಕಿಮೀ ಓಡಾಟಕ್ಕೆ ಮಾತ್ರ ಅಂದ್ರೆ 11ರ ಮೇಲೆ ನಿರೀಕ್ಷೆ ಬೇಡ. ಟ್ಯಾಂಕ್ ಚಿಕ್ಕದು, ನಾನು 430 ಕಿಮೀ ಆಗೋಷ್ಟರಲ್ಲಿ ಪಂಪ್ ಹುಡುಕೋಕೆ ಶುರು ಮಾಡ್ತೀನಿ, ದೂರದ ಪ್ರಯಾಣದಲ್ಲಿ ಇದೊಂದು ನಿಜವಾಗ್ಲೂ ಕಿರಿಕಿರಿ.

ಅಮ್ಮನ ಫಿಸಿಯೋಥೆರಪಿ ಮುಗಿದು ಎರಡು ತಿಂಗಳಾಯ್ತು, ಈಗ ಆ ಎರಡೂವರೆ ಕಿಮೀ ನಡ್ಕೊಂಡೇ ಹೋಗಿ ಬರ್ತಾರೆ. ಆಮೇಲಿನ ಐದು ಟ್ಯಾಂಕ್ ಬರೆದಿದ್ದು ಹೀಗಿದೆ: 14.9, 15.2, 14.4, 15.6, 15.1.