ಮೂರು ಸುಗ್ಗಿ ಕಂಡ ದಪ್ಪ ಸಿಲಿಕೋನ್ ಕೊಳವೆ

ಶಿರಸಿ ಕಡೆಯ ನಮ್ಮ ಶೆಡ್ಡಿನಲ್ಲಿ ಮುರುಗಲ (ಕೋಕಂ) ಹಣ್ಣಿನ ಸಿರಪ್ ತಯಾರಿಸುತ್ತೇವೆ. ಎತ್ತರದಲ್ಲಿರುವ ಪಾತ್ರೆಯಿಂದ ಬಾಟಲಿ ತುಂಬುವ ನಲ್ಲಿಗೆ ಮೂರು ಮೀಟರ್ ಕೊಳವೆ, ಎರಡೂ ತುದಿಗೆ ವಾಲ್ವ್. ಮೊದಲು ಹಾಕಿದ್ದು ಒಳವ್ಯಾಸ 10, ಹೊರವ್ಯಾಸ 14 ಮಿ.ಮೀ.ನ ಸಿಲಿಕೋನ್. ಒಂದು ದಿನ ಎರಡೂ ವಾಲ್ವ್ ಮುಚ್ಚಿ ಊಟಕ್ಕೆ ಹೋಗಿ ಬಂದರೆ, ತಿರುವಿನ ಬಳಿ ಗೇಣುದ್ದ ಕೊಳವೆ ಚಪ್ಪಟೆಯಾಗಿತ್ತು. ಅಂಟಿಕೊಂಡ ಒಳಗೋಡೆಗಳನ್ನು ಬೆರಳಿನಿಂದ ನೀವಿ ಬಿಡಿಸಬೇಕಾಯಿತು.

ಕೊಳವೆಯಲ್ಲಿ ಉಳಿದ ಬಿಸಿ ಸಿರಪ್ ತಣ್ಣಗಾಗಿ ಕುಗ್ಗಿತ್ತು. ಲೆಕ್ಕ ಸರಳ. 90 ಡಿಗ್ರಿಯ ನೀರು 25ಕ್ಕೆ ಇಳಿದರೆ ಶೇ 3ರಷ್ಟು ಕುಗ್ಗುತ್ತದೆ. ಸಿರಪ್ಪಿನ ಕತೆಯೂ ಹೆಚ್ಚು ಬೇರೆಯಲ್ಲ. ನಮ್ಮ ಕೊಳವೆ ಹಿಡಿಯುವುದು ಸುಮಾರು 235 ಮಿ.ಲೀ., ಅಂದರೆ ಏಳು ಮಿ.ಲೀ. ಕೊರತೆ. ಅದನ್ನು ತುಂಬಲು ಎಲ್ಲಿಂದಲೂ ಏನೂ ಬರದಿದ್ದರೆ ಒಳಗೆ ನಿರ್ವಾತ. ಹೊರಗಿನ ಗಾಳಿ ದುರ್ಬಲ ಜಾಗವನ್ನು ಹುಡುಕಿ ಅಮುಕುತ್ತದೆ. ತಿರುವು ಮೊದಲೇ ಅಂಡಾಕಾರವಾಗಿರುತ್ತದೆ, ಸೋಲುವುದೂ ಅಲ್ಲೇ.

ಅಂಗಡಿಯವರು ನೂಲಿನ ಜಾಲರಿ ಇರುವ ಕೊಳವೆ ಕೊಟ್ಟು, ‘ಐದು ಬಾರ್ ತಡೆಯುತ್ತದೆ’ ಎಂದರು. ಅದು ಒಳಗಿನಿಂದ ಉಬ್ಬಿಸುವ ಒತ್ತಡದ ಮಾತು. ಹೊರಗಿನಿಂದ ಅಮುಕಿದರೆ ನೂಲು ಸುಮ್ಮನೆ ಮಡಚಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಉಕ್ಕಿನ ತಂತಿಯ ಸುರುಳಿ ಅಥವಾ ದಪ್ಪ ಗೋಡೆ. ಆ ಕೊಳವೆ ಒಂದೇ ವಾರದಲ್ಲಿ ತೋಟಕ್ಕೆ ಹೋಯಿತು.

ಕೊನೆಗೆ ತಂದದ್ದು 10×18ರ ಸಾದಾ ಸಿಲಿಕೋನ್. ಗೋಡೆ 2ರಿಂದ 4 ಮಿ.ಮೀ. ಆಯಿತು, ಅಷ್ಟೇ. ಆದರೆ ಕುಸಿತವನ್ನು ತಡೆಯುವ ಶಕ್ತಿ ಗೋಡೆಯ ದಪ್ಪಕ್ಕೂ ವ್ಯಾಸಕ್ಕೂ ಇರುವ ಅನುಪಾತದ ಘನದಂತೆ ಏರುತ್ತದೆ. ನನ್ನ ಅಂದಾಜಿನಲ್ಲಿ ಹಳೆಯದು 0.3 ಬಾರ್‌ಗೇ ಕುಸಿಯುತ್ತಿತ್ತು, ಇದು 1.5ರವರೆಗೆ ನಿಲ್ಲಬೇಕು. ನಿರ್ವಾತ ಎಷ್ಟೇ ಪೂರ್ಣವಾದರೂ ವಾತಾವರಣ ಹಾಕಬಲ್ಲ ಒತ್ತಡ ಸುಮಾರು ಒಂದು ಬಾರ್. ಮೂರು ಸುಗ್ಗಿ ಕಳೆದರೂ ಕೊಳವೆ ಗುಂಡಗೇ ಇದೆ.

ದೂರುಗಳೂ ಇವೆ. ಬೆಲೆ ಎರಡು ಪಟ್ಟಿಗಿಂತ ಹೆಚ್ಚು. ಬಾಗುವುದಿಲ್ಲ, ಹಟಮಾರಿ. ಮುರುಗಲ ಕೆಂಪು ಹತ್ತಿದರೆ ಬಿಡುವುದಿಲ್ಲ. ಕೊಳವೆ ಮಣಿಯದ ಕಾರಣ ನಿರ್ವಾತ ಈಗ ಕೊಳವೆಯ ತುದಿ ಬಿಗಿಯುವ ಕ್ಲಿಪ್ಪಿನ ಸಂದಿಯಿಂದ ಗಾಳಿ ಹೀರುತ್ತದೆ. ಊಟದ ನಂತರದ ಮೊದಲ ಬಾಟಲಿಯಲ್ಲಿ ಗುಳ್ಳೆಯೋ ಗುಳ್ಳೆ. ಕ್ಲಿಪ್ ಬದಲಾಯಿಸಿದೆ, ಸ್ವಲ್ಪ ಕಡಿಮೆಯಾಯಿತು.

ಆಮೇಲೆ ಹೊಳೆದದ್ದು: ಪಾತ್ರೆಯ ಕಡೆಯ ವಾಲ್ವ್ ತೆರೆದೇ ಇಟ್ಟರೆ ಕೊರತೆಯ ಏಳು ಮಿ.ಲೀ. ತಾನಾಗಿ ಇಳಿದು ಬರುತ್ತದೆ. ಈಗ ಹಾಗೆಯೇ ಮಾಡುತ್ತೇವೆ. ‘ಹಾಗಿದ್ದರೆ ಇಷ್ಟು ದುಡ್ಡಿನ ಕೊಳವೆ ಏಕೆ ಬೇಕಿತ್ತು?’ ಎಂದು ಅಣ್ಣ ಕೇಳುತ್ತಾನೆ. ಕರೆಂಟ್ ಹೋದಾಗ ಗಡಿಬಿಡಿಯಲ್ಲಿ ಎರಡೂ ವಾಲ್ವ್ ಮುಚ್ಚುವವನು ಅವನೇ.