ಫ್ಲ್ಯಾಶ್ ತಡೆಯುವ ಶಾಲು: ಮೂರು ವರ್ಷಗಳ ಬಳಕೆಯ ನಂತರ

ಜೀವಬೆದರಿಕೆಯ ನಡುವೆಯೇ ಕೆಲಸ ಮಾಡುತ್ತಿರುವ ವಕೀಲೆಯೊಬ್ಬರ ಓಡಾಟದ ಹೊಣೆ ನನ್ನದು. ಅವರ ಮುಖ ಜನರಿಗೆ ಪರಿಚಿತವೇ; ಆದರೆ ಯಾವ ಹೊತ್ತಿನಲ್ಲಿ, ಯಾವ ಬಾಗಿಲಿನಿಂದ, ಯಾರ ಜೊತೆ ಹೊರಬಂದರು ಎಂಬುದು ಒಂದು ಫೋಟೋದಿಂದ ಬಯಲಾದರೂ ಅವರ ಜೀವಕ್ಕೆ ಅಪಾಯವಿದೆ. ಅದಕ್ಕಾಗಿಯೇ ಈ ಶಾಲನ್ನು ಕೊಂಡೆವು.

ಇದರ ಬಟ್ಟೆಯ ಮೇಲಿರುವ ಅತಿ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಚದುರಿಸದೆ, ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಕ್ಯಾಮೆರಾದ ಮೇಲೆಯೇ ಕೂರಿಸಿದ ಫ್ಲ್ಯಾಶಿನ ಬೆಳಕು ಹೀಗೆ ನೇರವಾಗಿ ಲೆನ್ಸಿಗೆ ಮರಳಿದಾಗ, ಕ್ಯಾಮೆರಾದ ಸ್ವಯಂಚಾಲಿತ ಅಳತೆಯು ದೃಶ್ಯದಲ್ಲಿ ಬೆಳಕು ಹೆಚ್ಚಾಯಿತೆಂದು ತಿಳಿದು ಫ್ಲ್ಯಾಶಿನ ಬಲವನ್ನು ತಗ್ಗಿಸುವುದರಿಂದ, ಚಿತ್ರದಲ್ಲಿ ಶಾಲು ಬೆಳ್ಳಗೆ ಹೊಳೆದು ಮುಖ ಕತ್ತಲಲ್ಲಿ ಉಳಿಯುತ್ತದೆ. ಕತ್ತಲಾದ ಮೇಲೆ ನಾವು ಮಾಡಿದ ಪರೀಕ್ಷೆಗಳಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡಿತು.

ಹಗಲಿನಲ್ಲಿ ಇದು ಬರಿಯ ಶಾಲು. ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರವಿಟ್ಟರೆ ಬೆಳಕು ಲೆನ್ಸಿನತ್ತ ಬರುವುದೇ ಇಲ್ಲ. ವಿಡಿಯೊಗೆ ಫ್ಲ್ಯಾಶೇ ಬೇಡ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಇಂದಿನ ಫೋನುಗಳು ಹಲವು ಚಿತ್ರಗಳನ್ನು ಬೆಸೆದು ಮಬ್ಬುಬೆಳಕಿನಲ್ಲಿಯೂ ಫ್ಲ್ಯಾಶಿಲ್ಲದೆ ಮುಖವನ್ನು ಸೆರೆಹಿಡಿಯುತ್ತವೆ. ಎರಡನೆಯ ವರ್ಷ ಒಂದು ಸಂಜೆ ಹಾಗೆಯೇ ಆಯಿತು. ಅವರ ಮುಖವೂ ಹಿಂದಿದ್ದ ಕಟ್ಟಡದ ಫಲಕವೂ ಸ್ಪಷ್ಟವಾಗಿದ್ದ ಚಿತ್ರವೊಂದು ಹರಿದಾಡಿ, ಅದೇ ರಾತ್ರಿ ಅವರ ವಾಸ್ತವ್ಯವನ್ನು ಬದಲಿಸಬೇಕಾಯಿತು. ಫ್ಲ್ಯಾಶ್ ಬಳಸುವವರು ತಮ್ಮ ಇರವನ್ನು ತಾವೇ ತಿಳಿಸಿಬಿಡುತ್ತಾರೆ. ನಾವು ಹೆದರಬೇಕಾದದ್ದು ಸದ್ದಿಲ್ಲದೆ ಫೋನ್ ಎತ್ತುವವರಿಗೆ, ಮತ್ತು ಅವರೆದುರು ಈ ಶಾಲು ನಿರುಪಯೋಗಿ.

ಮಾರುವವರು ಹೇಳದ ಇನ್ನೊಂದು ಸಂಗತಿ: ಕತ್ತಲಲ್ಲಿ ವಾಹನದ ದೀಪ ಬಿದ್ದರೆ ಶಾಲು ಚಾಲಕನ ಕಣ್ಣಿಗೆ ಥಟ್ಟನೆ ಹೊಳೆಯುತ್ತದೆ. ಗುಂಪಿನಲ್ಲಿ ಮರೆಯಾಗಿರಬೇಕಾದವರೇ ಎದ್ದು ಕಾಣುತ್ತಾರೆ. ಹಾಗಾಗಿ ವಾಹನ ನಿಲ್ದಾಣದಲ್ಲಿ ಅದನ್ನು ಮಡಿಚಿ ಚೀಲಕ್ಕೆ ಹಾಕಿಸುತ್ತೇನೆ.

ಮೊದಲ ವರ್ಷ ಬಟ್ಟೆ ಮೃದುವಾಗಿಸುವ ದ್ರಾವಣದಲ್ಲಿ ಅದ್ದಿದ್ದು ನಮ್ಮ ತಪ್ಪು, ಹೊಳಪು ಕುಂದಿತು. ಈಗ ಕೈಯಲ್ಲೇ ಒಗೆಯುತ್ತೇವೆ, ಇಸ್ತ್ರಿ ಮಾಡುವುದಿಲ್ಲ. ಆದರೂ ಕುತ್ತಿಗೆಯ ಮಡಿಕೆಗಳಲ್ಲಿ ಮಣಿಗಳು ಉದುರಿವೆ. ತಿಂಗಳಿಗೊಮ್ಮೆ ಟಾರ್ಚನ್ನು ಕಣ್ಣಿನ ಪಕ್ಕದಲ್ಲಿಯೇ ಹಿಡಿದು ನೋಡಿದರೆ ಮಂಕಾದ ಜಾಗಗಳು ತಿಳಿಯುತ್ತವೆ.

ನಮಗೆ ಹೆಚ್ಚು ನೆರವಾದದ್ದು ಹೊರಡುವ ಬಾಗಿಲನ್ನೂ ಹೊತ್ತನ್ನೂ ಬದಲಿಸುವುದು, ಅಡ್ಡಹಿಡಿಯುವ ಕಪ್ಪು ಕೊಡೆ, ಮತ್ತು ಅವರು ಸ್ಥಳ ಬಿಡುವವರೆಗೆ ಚಿತ್ರಗಳನ್ನು ಹಂಚಿಕೊಳ್ಳಬೇಡಿರೆಂದು ಸಂಘಟಕರಲ್ಲಿ ಮೊದಲೇ ಮಾಡುವ ವಿನಂತಿ. ರಾತ್ರಿಯ ಸಮಾರಂಭಗಳಲ್ಲಿ ಫ್ಲ್ಯಾಶುಗಳ ಸಾಲನ್ನು ಹಾದುಹೋಗಬೇಕಾದವರು ಶಾಲನ್ನು ಧಾರಾಳವಾಗಿ ಕೊಳ್ಳಬಹುದು. ನಾವೂ ಎರಡನೆಯದನ್ನು ಕೊಂಡಿದ್ದೇವೆ. ಅದರ ಜಾಗ ಕಾರಿನಲ್ಲಿ, ಕೊಡೆಯ ಪಕ್ಕದಲ್ಲಿ.